ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು
(ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಸದ್ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಮೊಳಕಾಲ್ಮೂರಿನ ರೇಷ್ಮೆಯ ಮಗ್ಗದ ಮುಂದೆ ಕುಳಿತವರಿಗೂ, ಚಳ್ಳಕೆರೆಯ ಎಣ್ಣೆಯ ಗಿರಣಿಗಳಿಂದ ನಾಲ್ಕು ಕಾಸು ಕಂಡವರಿಗೂ ಒಂದು ಪ್ರಶ್ನೆಯು ತಪ್ಪಿದುದಲ್ಲ: ದುಡಿದುದು ತಮ್ಮ ತರುವಾಯ ಯಾರ ಪಾಲಾಗಬೇಕು? ಮಕ್ಕಳಿಲ್ಲದ ಮನೆಯಲ್ಲಿ ಈ ಪ್ರಶ್ನೆಯು ಇನ್ನೂ ತೀಕ್ಷ್ಣವಾದುದು. ದಾಯಾದಿಗಳ ವ್ಯಾಜ್ಯದಲ್ಲಿ ಹೊಲ ಮನೆಗಳು ಕರಗಿಹೋದುದನ್ನು ಕಾಣದ ಊರುಂಟೆ?

ಅಮೇರಿಕಾ ದೇಶದ ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿಯೂ ನೇಯ್ಗೆಯವರ ಮನೆಯ ಮಗನೇ. ಸ್ಕಾಟ್ಲೆಂಡಿನಲ್ಲಿ ತಂದೆಯ ಕೈಮಗ್ಗವನ್ನು ಉಗಿಯಂತ್ರದ ಮಗ್ಗವು ನುಂಗಿದುದರಿಂದ ಆ ಸಂಸಾರವು 1848ರಲ್ಲಿ ಹಡಗನ್ನೇರಿತು. ಆತನು 1901ರಲ್ಲಿ ಕಾರಖಾನೆಗಳನ್ನು ಮಾರಿ, ಒಬ್ಬಳೇ ಮಗಳಿದ್ದರೂ ಸಂಪತ್ತಿನ ಬಹುಭಾಗವನ್ನು ಪುಸ್ತಕಭಂಡಾರಗಳಿಗೂ ವಿದ್ಯಾಸಂಸ್ಥೆಗಳಿಗೂ ಕೊಟ್ಟನು. ಆದರೆ 1892ರಲ್ಲಿ ಆತನ ಹೋಮ್‌ಸ್ಟೆಡ್ ಕಾರಖಾನೆಯಲ್ಲಿ ಕೂಲಿಯ ವ್ಯಾಜ್ಯವು ರಕ್ತಪಾತಕ್ಕೆ ತಿರುಗಿತೆಂಬುದನ್ನೂ ಮರೆಯಲಾಗದು. ಕಾಯಕದ ಲೆಕ್ಕವನ್ನು ಬಿಟ್ಟು ದಾಸೋಹದ ಲೆಕ್ಕವನ್ನಷ್ಟೇ ನೋಡುವುದು ಶರಣರ ಮಾರ್ಗವಲ್ಲ.

ಆತನಿಗಿಂತ ಮೂರು ವರ್ಷ ಕಿರಿಯರಾಗಿ, 1838ರಲ್ಲಿ ಗುಬ್ಬಿಯ ಲಿಂಗವಂತ ಮನೆತನದಲ್ಲಿ ಜನಿಸಿದವರು ತೋಟದಪ್ಪನವರು. ಕಾರ್ನೆಗಿಯ ಐಶ್ವರ್ಯದ ಮುಂದೆ ಇವರದು ಸಾಸುವೆಯಷ್ಟು. ಸಂಸಾರವು ಬೆಂಗಳೂರಿಗೆ ಬಂದು ಮಾಮೂಲ್‌ಪೇಟೆಯಲ್ಲಿ ವ್ಯಾಪಾರ ಹೂಡಿತು; ವ್ಯಾಪಾರವು ಕೈಹಿಡಿಯಿತು; ಸಂತಾನವಾಗಲಿಲ್ಲ.

1897ರಲ್ಲಿ ಅವರು ಬೆಂಗಳೂರಿನ ರೈಲು ನಿಲ್ದಾಣದ ಬಳಿ ಎರಡೂವರೆ ಎಕರೆ ನೆಲವನ್ನು ರೈಲ್ವೆಯವರಿಂದ 10,000 ರೂಪಾಯಿಗಳಿಗೆ ಕೊಂಡು, ಯಾತ್ರಿಕರಿಗೆ ಧರ್ಮಛತ್ರವನ್ನೂ ವಿದ್ಯಾರ್ಥಿಗಳಿಗೆ ಉಚಿತ ನಿಲಯವನ್ನೂ ಕಟ್ಟಿಸಿದರು. ಸ್ಥಳದ ಆಯ್ಕೆಯನ್ನು ಗಮನಿಸಬೇಕು. ಗಂಟನ್ನು ಹೊತ್ತು ಗಾಡಿಯಿಂದಿಳಿದ ಹಳ್ಳಿಗನು ಬೀದಿಬೀದಿ ಅಲೆಯಬೇಕಾಗಿರಲಿಲ್ಲ. ಚಳ್ಳಕೆರೆಯಿಂದ ಓದಲು ಹೊರಟ ಹುಡುಗನನ್ನು ಅವನ ತಾಯಿ ಮೊದಲು ಕೇಳುವುದು ಫೀಜಿನ ಮಾತನ್ನಲ್ಲ, "ರಾತ್ರಿ ಎಲ್ಲಿ ಮಲಗುತ್ತೀಯೋ ಮಗನೇ?" ಎಂದೇ. ಆ ತಾಯಿಗೆ ಉತ್ತರವಾಗಿ ಈ ಮನೆಯು ಎದ್ದಿತು. 1903ನೆಯ ಫೆಬ್ರವರಿ 11ರಂದು ಶ್ರೀಮನ್ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರು ಛತ್ರವನ್ನು ತೆರೆದರು. 1905ರಲ್ಲಿ ಅರಮನೆಯಿಂದ 'ಧರ್ಮಪ್ರವರ್ತ' ಬಿರುದು ಬಂದಿತು. ಬ್ರಿಟಿಷ್ ಸರ್ಕಾರದವರು 'ರಾವ್ ಬಹದ್ದೂರ್' ಎಂದರು.

ಬಿರುದುಗಳು ಹಾಗಿರಲಿ. ತೋಟದಪ್ಪನವರು ತಮ್ಮ ಸೊತ್ತೆಲ್ಲವನ್ನೂ ಧರ್ಮಸಂಸ್ಥೆಗೆ ಒಪ್ಪಿಸಿ, ಕೆ. ಪಿ. ಪುಟ್ಟಣ್ಣಚೆಟ್ಟರನ್ನು ಅದರ ಅಧ್ಯಕ್ಷರನ್ನಾಗಿ ಮಾಡಿದುದೇ ಹೆಚ್ಚಿನ ಮಾತು. ಕೊಟ್ಟೆನೆಂದು ಹೇಳಿ ಬೀಗದ ಕೈಯನ್ನು ಸೊಂಟದಲ್ಲಿಯೇ ಇಟ್ಟುಕೊಳ್ಳುವ ದಾನಿಗಳು ಎಲ್ಲ ಕಾಲದಲ್ಲಿಯೂ ಉಂಟು. ಇವರು ಕೈಯನ್ನು ಬಿಟ್ಟರು. ಆದುದರಿಂದಲೇ 1910ನೆಯ ಫೆಬ್ರವರಿ 21ರಂದು ಅವರು ಲಿಂಗೈಕ್ಯರಾದ ಮೇಲೆಯೂ ನಿಲಯದ ಒಲೆಯು ಆರಲಿಲ್ಲ.

ಅವರು ಕಾಲವಾದ ಹದಿನೇಳು ವರ್ಷಗಳ ತರುವಾಯ, ಮಾಗಡಿ ತಾಲ್ಲೂಕಿನ ವೀರಾಪುರದ ತರುಣರೊಬ್ಬರು ಸೆಂಟ್ರಲ್ ಕಾಲೇಜಿಗೆ ಸೇರಿ ಈ ನಿಲಯದಲ್ಲಿ ಆಶ್ರಯ ಪಡೆದರು. ತೋಟದಪ್ಪನವರು ಅವರ ಮುಖವನ್ನು ಕಂಡವರಲ್ಲ. 1930ರಲ್ಲಿ ಆ ತರುಣರು ವಿರಕ್ತಾಶ್ರಮವನ್ನು ಸ್ವೀಕರಿಸಿ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳಾದರು. 2019ರ ಜನವರಿಯಲ್ಲಿ ಅವರು ಲಿಂಗೈಕ್ಯರಾದಾಗ ಸಾವಿರಾರು ಮಕ್ಕಳು ಅವರ ಮಠದ ಪಂಕ್ತಿಯಲ್ಲಿ ಉಣ್ಣುತ್ತಿದ್ದರು.