ಉತ್ತರಾಖಂಡ ಜೋಡಿಯಾಗಬಹುದು, ರಾಯದುರ್ಗ ಯಾಕಾಗಬಾರದು?

ಕನ್ನಡ ತರುಣರೇ,

ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿನಲ್ಲಿ ಕುಳಿತವನು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಬಿಲ್ ಪುಸ್ತಕ, ಇವೇ ನನ್ನ ಸಾಹಿತ್ಯ. ಆದರೂ ಒಂದು ಮಾತು ನಿಮ್ಮ ಮುಂದೆ ಇಡಲೇಬೇಕು.

ಕೆಲವು ವರ್ಷಗಳ ಹಿಂದೆ ಆಂಧ್ರದ ಗಡಿಯೂರಿನ ಕನ್ನಡ ಮೇಷ್ಟ್ರೊಬ್ಬರು ನನ್ನ ಪ್ರೆಸ್ಸಿಗೆ ಬಂದರು. ಶಾಲೆಯ ವಾರ್ಷಿಕೋತ್ಸವದ ಆಮಂತ್ರಣ ಅಚ್ಚಾಗಬೇಕಿತ್ತು. ಅವರೂರಿನಲ್ಲಿ ಕನ್ನಡ ಕಂಪೋಸ್ ಮಾಡುವವರಿಲ್ಲ. ಹೋಗುವಾಗ ಕೇಳಿದರು: "ಸಾವ್ಕಾರ್ರೆ, ನಿಮ್ಮ ಕಡೆ ಒಂದು ಶಾಲಿ ಗೊತ್ತುಮಾಡಿ ಕೊಡ್ರಿ. ಕನ್ನಡದಾಗ ಓದೋ ಹುಡುಗ್ರು ಬ್ಯಾರೆ ಊರಾಗೂ ಅದಾರ ಅಂತ ನಮ್ಮ ಮಕ್ಕಳಿಗೆ ತೋರಿಸ್ಬೇಕು."

"ಆಗ್ಲಿ ಮೇಷ್ಟ್ರೇ" ಎಂದೆ. ದುಡ್ಡು ಎಣಿಸಿಕೊಂಡೆ, ಮರೆತೆ. ಮೂರನೆಯ ವರ್ಷ ಅವರು ಬರಲಿಲ್ಲ. ಫೋನ್ ಮಾಡಿದರೆ, "ಒಂದನೇತ್ತಕ್ಕೆ ಮಕ್ಕಳೇ ಸೇರಿಲ್ಲ, ಇನ್ನ ಯಾರಿಗೆ ಆಮಂತ್ರಣ?" ಎಂದರು. ಆ ಮಾತು ಇಂದಿಗೂ ಚುಚ್ಚುತ್ತಿದೆ.

ಅವರು ಪರರಲ್ಲ. 1953ರ ಸೆಪ್ಟೆಂಬರ್ ಮುಗಿಯುವವರೆಗೆ ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಅವರ ರಾಯದುರ್ಗ, ಆಲೂರು, ಆದೋನಿ ಎಲ್ಲ ಮದರಾಸು ರಾಜ್ಯದ ಒಂದೇ ಬಳ್ಳಾರಿ ಜಿಲ್ಲೆ. ಅಕ್ಟೋಬರ್ 1ರಂದು ನಾವು ಮೈಸೂರಿಗೆ ಬಂದೆವು, ಆ ಮೂರು ತಾಲ್ಲೂಕು ಆಂಧ್ರಕ್ಕೆ ಹೋದವು. ಆ ಹೊತ್ತಿನಲ್ಲೇ ಬಳ್ಳಾರಿಯಲ್ಲಿ ಪಿಂಜಾರ ರಂಜಾನ್ ಸಾಬ್ ಕನ್ನಡಕ್ಕಾಗಿ ಪ್ರಾಣ ಕೊಟ್ಟರು. ನಾವು ಗಡಿಯ ಈಚೆ ಉಳಿದೆವು, ಆಚೆಯವರನ್ನು ಮರೆತೆವು.

ಲೋಕ ಏನು ಮಾಡುತ್ತಿದೆ ನೋಡಿ. ಎರಡು ಮಹಾಯುದ್ಧಗಳಲ್ಲಿ ಕಡಿದಾಡಿದ ಫ್ರಾನ್ಸ್ ಮತ್ತು ಜರ್ಮನಿ 1963ರಲ್ಲಿ ಒಪ್ಪಂದ ಮಾಡಿಕೊಂಡು, ಎರಡೂ ಕಡೆಯ ಮಕ್ಕಳು, ಯುವಕರು ಹೋಗಿಬರಲೆಂದೇ ಒಂದು ಕಚೇರಿ ತೆರೆದವು. 2005ರಲ್ಲಿ ಯುರೋಪ್ ಒಕ್ಕೂಟ 'ಇ-ಟ್ವಿನ್ನಿಂಗ್' ಆರಂಭಿಸಿತು. ಒಂದು ದೇಶದ ಶಾಲೆ ಇನ್ನೊಂದು ದೇಶದ ಶಾಲೆಯ ಜೊತೆ ಕಂಪ್ಯೂಟರಿನಲ್ಲೇ ಕೂಡಿ ಪಾಠ ಮಾಡುತ್ತದೆ. ನಮ್ಮ ದೇಶದಲ್ಲೂ 2015ರಲ್ಲಿ ಘೋಷಣೆಯಾದ 'ಏಕ್ ಭಾರತ್ ಶ್ರೇಷ್ಠ ಭಾರತ್' ಯೋಜನೆಯಲ್ಲಿ ಕರ್ನಾಟಕಕ್ಕೆ ಜೋಡಿಯಾದದ್ದು ಉತ್ತರಾಖಂಡ. ಸಂತೋಷ! ಹಿಮಾಲಯದ ಮಗು ನಮ್ಮ ಮಗುವಿಗೆ ಗೆಳೆಯನಾಗಬಹುದಾದರೆ, ಗಡಿಕಲ್ಲಿನ ಆಚೆಯ ಕನ್ನಡದ ಕೂಸು ಯಾಕಾಗಬಾರದು?

2018ರಲ್ಲಿ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು' ಸಿನಿಮಾ ನೋಡಿ ಶಿಳ್ಳೆ ಹೊಡೆದಿರಿ. ಶಿಳ್ಳೆಯಿಂದ ಶಾಲೆ ಉಳಿಯುವುದಿಲ್ಲ ಗೆಳೆಯರೇ!

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಹೇಳುತ್ತೇನೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ: ಐದು ತಾಲ್ಲೂಕಿನಿಂದ ಐದೇ ಶಾಲೆ ಸಾಕು. ಮುಂದಿನ ಸಲ ಊರಿಗೆ ಹೋದಾಗ ನೀವು ಓದಿದ ಶಾಲೆಯ ಹೆಡ್‌ಮಾಸ್ತರರನ್ನೂ ಎಸ್‌ಡಿಎಂಸಿಯವರನ್ನೂ ಕಂಡು ಮಾತಾಡಿ. ಗಡಿಯಾಚೆಯ ಒಂದು ಕನ್ನಡ ಶಾಲೆಯನ್ನು ಜೋಡಿ ಮಾಡಿ. ಮೊದಲು ಮಕ್ಕಳಿಂದ ಕಾಗದ ಬರೆಸಿ. ಆಮೇಲೆ ಎರಡೂ ಇಲಾಖೆಗಳ ಅನುಮತಿ ಕೇಳಿ, ಇಲ್ಲಿಯ ಮೇಷ್ಟ್ರು ಒಂದು ವಾರ ಅಲ್ಲಿ, ಅಲ್ಲಿಯವರು ಇಲ್ಲಿ ಪಾಠ ಮಾಡಲಿ. ಆ ಮಕ್ಕಳು ಕೊಟ್ಟೂರೇಶ್ವರನ ತೇರು, ಅಂಕಸಮುದ್ರದ ಹಕ್ಕಿ, ಹಡಗಲಿಯ ಮಲ್ಲಿಗೆ ತೋಟ ನೋಡಲಿ. ನಮ್ಮವರು ರಾಯದುರ್ಗದ ಕೋಟೆ ಹತ್ತಲಿ. ಬಸ್ಸಿನ ಖರ್ಚು ನಿಮ್ಮ ಒಂದು ಭಾನುವಾರದ ಮಾಲಿನ ಖರ್ಚು!

ಇದು ತೆಲುಗಿನ ಮೇಲಿನ ಜಗಳವಲ್ಲ. ಆ ಮಕ್ಕಳಿಗೆ ಎರಡೂ ಭಾಷೆ ಬರುತ್ತದೆ, ನಮ್ಮವರೂ ನಾಲ್ಕು ತೆಲುಗು ಮಾತು ಕಲಿಯಲಿ. ಇದು ಕುದುರಿದರೆ, ಹೊರದೇಶಗಳಲ್ಲಿ ವಾರಾಂತ್ಯಕ್ಕೆ ಕನ್ನಡ ಪಾಠ ನಡೆಸುವ ಕನ್ನಡ ಸಂಘಗಳನ್ನೂ ಸೇರಿಸಿಕೊಳ್ಳೋಣ.

ಮಕ್ಕಳ ಕಾಗದಗಳನ್ನೆಲ್ಲ ಕೂಡಿಸಿ ಪುಸ್ತಕ ಮಾಡುವುದು ನನ್ನ ಪಾಲು. ಕಾಗದ, ಮಸಿ, ಕೂಲಿ ಎಲ್ಲ ನನ್ನದು. ಮೊದಲ ಪ್ರತಿಯನ್ನು ಆ ಮೇಷ್ಟ್ರ ಮನೆಗೆ ನಾನೇ ಒಯ್ದು ಕೊಡುತ್ತೇನೆ. ಅವರಿಗೆ ಕೊಟ್ಟ ಮಾತು ಇನ್ನೂ ಬಾಕಿ ಇದೆ.

ಸಿರಿಗನ್ನಡಂ ಗೆಲ್ಗೆ!