ಧನ ದನವಾದದ್ದು ಯಾರ ತಪ್ಪು?

(ಕಚೇರಿಗಳಲ್ಲಿ ದುಡಿಯುವ ಕನ್ನಡ ತರುಣರ ಸಭೆಯಲ್ಲಿ ಆಡಿದ ಮಾತುಗಳು)



ನನಗಿಂತ ಮುಂಚೆ ಮಾತಾಡಿದವರು ಗುಡುಗಿ ಹೋದರು. ನಾನು ಗುಡುಗುವವನಲ್ಲ. ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಪ್ರಿಂಟ್ ತೆಗೆಯುವವನು. ಹಾಗಾಗಿ ಪ್ರಿಂಟರ್ ಬಗ್ಗೆಯೇ ಮಾತಾಡುತ್ತೇನೆ. ನಗಬೇಡಿ! ಕನ್ನಡದ ಮಾನ ಆ ಪೆಟ್ಟಿಗೆಯೊಳಗೂ ಇದೆ.

ಹಿಂದೆ ನಾನಿದ್ದ ಒಂದು ಕಚೇರಿಯಲ್ಲಿ ನಡೆದದ್ದು ಕೇಳಿ. ನೌಕರರ ಮಕ್ಕಳ ಓದಿಗೆ ಧನಸಹಾಯ ಕೊಡುವ ಸುತ್ತೋಲೆ. ಕಾಡಿ ಬೇಡಿ ಅದನ್ನು ಕನ್ನಡದಲ್ಲೂ ಹೊರಡಿಸಲು ಒಪ್ಪಿಸಿದ್ದೆವು. ಗೋಡೆಗೆ ಅಂಟಿಸಿ ನೋಡಿದರೆ ‘ಧ’ದ ಹೊಟ್ಟೆ ಸೀಳುವ ಆ ಸಣ್ಣ ಗೀಟು ಮಾಯ! ‘ದನಸಹಾಯ’ ಎಂದು ಓದಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ‘ರಾಷ್ಟ್ರೀಕೃತ ಬ್ಯಾಂಕ್’ ಎಂಬಲ್ಲಿ ಒತ್ತಕ್ಷರಗಳೆಲ್ಲ ಸೇರಿ ಕಪ್ಪು ಮುದ್ದೆ. ಸಾಹೇಬರು ನನ್ನ ಕಡೆ ತಿರುಗಿ, “ನಿಮ್ಮ ಕನ್ನಡ ಪ್ರಿಂಟರಿಗೆ ಒಗ್ಗಲ್ಲ ಕಣ್ರೀ, ಮುಂದಿನ ಸಲದಿಂದ ಇಂಗ್ಲಿಷ್ ಒಂದೇ ಸಾಕು” ಎಂದರು.

ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಯಿತು. ಸಂಜೆ ಎಲ್ಲರೂ ಹೋದ ಮೇಲೆ ಪ್ರಿಂಟರಿನ ಸೆಟ್ಟಿಂಗ್ ತೆಗೆದು ನೋಡಿದೆ. ಟೋನರ್ ಉಳಿಸುವ ಗುಂಡಿ ಒತ್ತಿಟ್ಟಿದ್ದರು. ೬೦೦ ಡಿಪಿಐ ಮುದ್ರಿಸಬಲ್ಲ ಯಂತ್ರವನ್ನು ೩೦೦ಕ್ಕೆ ಕಟ್ಟಿಹಾಕಿದ್ದರು. ಕನ್ನಡವನ್ನು ಕಾಗದದ ಮೂಲೆಗೆ ೮ ಪಾಯಿಂಟಿನಲ್ಲಿ ತುರುಕಿದ್ದರು. ತಪ್ಪು ಕನ್ನಡದ್ದೋ, ಕೂರಿಸಿದವರದ್ದೋ?

ಲೆಕ್ಕ ಹಾಕೋಣ. ಡಿಪಿಐ ಎಂದರೆ ಒಂದು ಅಂಗುಲದಲ್ಲಿ ಎಷ್ಟು ಚುಕ್ಕಿ ಎಂಬ ಅಳತೆ. ಒಂದು ಅಂಗುಲಕ್ಕೆ ೭೨ ಪಾಯಿಂಟ್. ೩೦೦ ಡಿಪಿಐನಲ್ಲಿ ೮ ಪಾಯಿಂಟಿನ ಸಾಲಿಗೆ ಸಿಗುವುದು ಸುಮಾರು ೩೩ ಚುಕ್ಕಿಯ ಎತ್ತರ. ಅಷ್ಟರೊಳಗೇ ತಲೆಕಟ್ಟು, ಗುಡಿಸು, ಅಕ್ಷರ, ಒತ್ತು, ಒತ್ತಿನ ಕೆಳಗೆ ಇನ್ನೊಂದು ಒತ್ತು ಕೂರಬೇಕು! ಅದೇ ೬೦೦ ಡಿಪಿಐನಲ್ಲಿ ೧೨ ಪಾಯಿಂಟ್ ಇಟ್ಟರೆ ೧೦೦ ಚುಕ್ಕಿ. ಮೂರು ಪಟ್ಟು ಜಾಗ. ೧೯೮೪ರಲ್ಲಿ ಎಚ್‌ಪಿಯವರ ಮೊದಲ ಲೇಸರ್‌ಜೆಟ್ ಬಂದಾಗ ೩೦೦ ಡಿಪಿಐ ದೊಡ್ಡ ಮಾತು. ೧೯೯೨ರ ಲೇಸರ್‌ಜೆಟ್ ೪ರಲ್ಲೇ ೬೦೦ ಬಂದಾಗಿತ್ತು. ಇನ್ನೂ ೩೦೦ಕ್ಕೆ ಕಟ್ಟಿಹಾಕುವುದು ಯಾವ ನ್ಯಾಯ?

ಈಗ ಮಾಡಬೇಕಾದ್ದನ್ನು ಕೇಳಿ.

ಮೊದಲನೆಯದು, ಸೆಟ್ಟಿಂಗ್. ಪ್ರಿಂಟ್ ಒತ್ತುವ ಮುನ್ನ ಪ್ರಾಪರ್ಟೀಸ್ ತೆರೆಯಿರಿ. ೬೦೦ ಡಿಪಿಐ ಅಥವಾ ಅದಕ್ಕೂ ಮೇಲಿನದನ್ನು ಆರಿಸಿ. ಟೋನರ್ ಉಳಿತಾಯ, ಡ್ರಾಫ್ಟ್ ಎರಡನ್ನೂ ತೆಗೆಯಿರಿ. ಕರಡು ತಿದ್ದಲು ಅವು ಸಾಕು, ಜನ ಓದುವ ಪ್ರತಿಗೆ ಬೇಡ.

ಎರಡನೆಯದು, ಅಕ್ಷರ. ೧೨ ಪಾಯಿಂಟಿಗಿಂತ ಕೆಳಗೆ ಇಳಿಯಬೇಡಿ. ಬಣ್ಣ ಅಚ್ಚ ಕಪ್ಪೇ ಇರಲಿ. ಕಪ್ಪು-ಬಿಳುಪು ಲೇಸರ್ ಪ್ರಿಂಟರಿನಲ್ಲಿ ಬೂದು ಬಣ್ಣವೇ ಇಲ್ಲ. ಕಪ್ಪು ಚುಕ್ಕಿಗಳನ್ನು ಬಿಡಿಬಿಡಿಯಾಗಿ ಚೆಲ್ಲಿ ಬೂದು ತೋರಿಸುತ್ತದೆ, ಸಣ್ಣ ಗೀಟುಗಳು ತುಂಡಾಗುತ್ತವೆ. ಇಂಗ್ಲಿಷಿಗೆಂದು ಬಿಗಿದಿಟ್ಟ ಸಾಲಿನ ಅಂತರವನ್ನೂ ಸಡಿಲಿಸಿ. ಇಲ್ಲದಿದ್ದರೆ ಒತ್ತುಗಳ ಕಾಲು ಕತ್ತರಿಸಿಹೋಗುತ್ತದೆ.

ಮೂರನೆಯದು, ಕಾಗದ. ಟೋನರ್ ಎಂದರೆ ಶಾಯಿಯಲ್ಲ, ಪ್ಲಾಸ್ಟಿಕ್ ಬೆರೆತ ಪುಡಿ. ಫ್ಯೂಸರ್ ಎಂಬ ಬಿಸಿ ರೋಲರ್ ಅದನ್ನು ಕರಗಿಸಿ ಕಾಗದಕ್ಕೆ ಅಂಟಿಸುತ್ತದೆ. ಮಳೆಗಾಲದಲ್ಲಿ ತೇವ ಕುಡಿದ ಕಾಗದಕ್ಕೆ ಅದು ಸರಿಯಾಗಿ ಹಿಡಿಯುವುದಿಲ್ಲ. ಬೆರಳಲ್ಲಿ ಉಜ್ಜಿದರೆ ಅಕ್ಷರ ಎದ್ದು ಬರುತ್ತದೆ. ೭೫ರಿಂದ ೮೦ ಜಿಎಸ್‌ಎಂ ಕಾಗದ ಸಾಕು, ಆದರೆ ಹೊದಿಕೆ ಬಿಚ್ಚಿಡಬೇಡಿ. ದಪ್ಪ ಕಾಗದ ಹಾಕಿದರೆ ಸೆಟ್ಟಿಂಗಿನಲ್ಲೂ ದಪ್ಪ ಕಾಗದ ಎಂದೇ ಹೇಳಿ. ಫ್ಯೂಸರ್ ಅದಕ್ಕೆ ತಕ್ಕ ಶಾಖ ಕೊಡುತ್ತದೆ.

ನಾಲ್ಕನೆಯದು, ಯಂತ್ರದ ರೋಗ ಓದುವುದನ್ನು ಕಲಿಯಿರಿ. ಪುಟದ ಒಂದು ಪಟ್ಟಿ ಮಸುಕಾಗಿದ್ದರೆ ಟೋನರ್ ಮುಗಿಯುತ್ತಿದೆ. ಕಾರ್ಟ್ರಿಜ್ ತೆಗೆದು ಮೆಲ್ಲಗೆ ಆಚೀಚೆ ಅಲುಗಿಸಿ ಮತ್ತೆ ಹಾಕಿ. ಡ್ರಮ್ ಮುಟ್ಟಬೇಡಿ, ಬೆಳಕಿಗೆ ಹಿಡಿಯಬೇಡಿ. ಮೇಲಿಂದ ಕೆಳಗಿನ ತನಕ ಕಪ್ಪು ಗೆರೆ ಬಂದರೆ ಡ್ರಮ್ ಗೀಚಿರಬಹುದು, ಇಲ್ಲವೇ ಕೊಳೆ ಕೂತಿರಬಹುದು. ಒಂದೇ ಕಲೆ ಸಮ ಅಂತರದಲ್ಲಿ ಮತ್ತೆ ಮತ್ತೆ ಬಿದ್ದರೆ ಸ್ಕೇಲಿಟ್ಟು ಅಳೆಯಿರಿ. ಡ್ರಮ್ ಮತ್ತು ರೋಲರುಗಳ ಸುತ್ತಳತೆ ಬೇರೆ ಬೇರೆ. ಆ ಅಂತರವೇ ತಪ್ಪಿತಸ್ಥನ ಹೆಸರು ಹೇಳುತ್ತದೆ. ರಿಪೇರಿಯವನಿಗೆ ಈ ಅಳತೆ ಹೇಳಿ, ಸುಮ್ಮನೆ ಎಲ್ಲವನ್ನೂ ಬದಲಾಯಿಸುವ ಮಾತೇ ಬರುವುದಿಲ್ಲ. ಇನ್ನು ಶಾಯಿಯ ಇಂಕ್‌ಜೆಟ್ ಇದ್ದವರು ಅಕ್ಷರ ತುಂಡಾದರೆ ನಾಝಲ್ ಪರೀಕ್ಷೆಯ ಪುಟ ತೆಗೆಯಿರಿ. ಗೆರೆ ಬಿಟ್ಟುಹೋಗಿದ್ದರೆ ಮಾತ್ರ ಹೆಡ್ ಸ್ವಚ್ಛಗೊಳಿಸಿ. ಅದು ಶಾಯಿ ತಿನ್ನುವ ಕೆಲಸ.

ಐದನೆಯದು, ಕಡತ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಹೊಡೆದದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಸವಾಗುತ್ತದೆ. ೧೯೯೧ರ ಮೊದಲ ಯೂನಿಕೋಡಿನಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿದೆ, ಅದನ್ನೇ ಬಳಸಿ. ಬೇರೆ ಕಡೆ ಪ್ರಿಂಟಿಗೆ ಕಳಿಸುವಾಗ ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಮಾಡಿ. ಆಗಲೂ ಒತ್ತುಗಳು ಚೆಲ್ಲಾಪಿಲ್ಲಿಯಾದರೆ ‘ಪ್ರಿಂಟ್ ಆ್ಯಸ್ ಇಮೇಜ್’ ಒತ್ತಿ. ಜೆರಾಕ್ಸಿನ ಜೆರಾಕ್ಸ್ ತೆಗೆಯಬೇಡಿ. ಪ್ರತಿ ಸಲವೂ ಒಂದಷ್ಟು ಸಣ್ಣ ಗೀಟು ಸಾಯುತ್ತದೆ. ಮೂಲ ಪ್ರತಿಯಿಂದಲೇ ತೆಗೆಯಿರಿ.

ನಮ್ಮ ಸುತ್ತೋಲೆ ಏನಾಯಿತು ಎನ್ನುತ್ತೀರಾ? ಆ ರಾತ್ರಿಯೇ ಹೊಸ ಪ್ರತಿ ತೆಗೆದು ಅಂಟಿಸಿದೆ. ಬೆಳಿಗ್ಗೆ ಸಾಹೇಬರು ನಿಂತು ಓದಿದರು. ಏನೂ ಹೇಳಲಿಲ್ಲ. ಆದರೆ ಮುಂದಿನ ಸುತ್ತೋಲೆಯೂ ಕನ್ನಡದಲ್ಲಿ ಬಂತು. ನನಗೆ ಅಷ್ಟು ಸಾಕಿತ್ತು. ಆ ಹಾಳೆ ಓದಿಯೇ ಅರ್ಜಿ ಹಾಕಿದ ನಮ್ಮ ಜವಾನರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

ಗೆಳೆಯರೇ, ಕನ್ನಡದಲ್ಲಿ ಕೊಡಿ ಎಂದು ಕೇಳುವುದು ಅರ್ಧ ಕೆಲಸ. ಓದಲು ಬರುವ ಹಾಗೆ ಕೊಡುವುದು ಉಳಿದರ್ಧ. ನಾಳೆ ಬೆಳಿಗ್ಗೆ ನಿಮ್ಮ ಕಚೇರಿಯ ಪ್ರಿಂಟರಿನಲ್ಲಿ ಧನ, ದನ, ಫಲ, ಸ್ತ್ರೀ, ರಾಷ್ಟ್ರ ಎಂಬ ಐದು ಪದ ಮುದ್ರಿಸಿ. ಕೈ ಚಾಚಿ ಹಿಡಿದು ಓದಿ. ಧನವೂ ದನವೂ ಒಂದೇ ಆಗಿ ಕಂಡರೆ ಅಲ್ಲಿಂದಲೇ ನಿಮ್ಮ ಕೆಲಸ ಶುರು!