ಮೊದಲು ರಕ್ತ, ಆಮೇಲೆ ಮಾತ್ರೆ



ನಾಲ್ಕೈದು ದಿನಗಳಾದರೂ ಜ್ವರ ಇಳಿಯದಿದ್ದಾಗ ವೈದ್ಯರು ‘ಬ್ಲಡ್ ಕಲ್ಚರ್ ಮಾಡಿಸಿ’ ಎಂದು ಚೀಟಿ ಬರೆದುಕೊಡುವುದನ್ನು ನೀವು ನೋಡಿರಬಹುದು. ರಕ್ತದಲ್ಲಿ ಸೇರಿಕೊಂಡಿರುವ ರೋಗಾಣುಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಅವು ಯಾವುವೆಂದು ಗುರುತಿಸಿ, ಯಾವ ಔಷಧಿಗೆ ಬಗ್ಗುತ್ತವೆ ಎಂದು ಕಂಡುಹಿಡಿಯುವ ಪರೀಕ್ಷೆ ಇದು. ವಿಷಮಶೀತ ಜ್ವರ, ಅಂದರೆ ಟೈಫಾಯ್ಡ್, ಹೃದಯದ ಕವಾಟಗಳ ಸೋಂಕು, ರಕ್ತಕ್ಕೆ ಹರಡಿದ ನಂಜು - ಇವುಗಳ ಪತ್ತೆಗೆ ಇದು ಬಹಳ ಮುಖ್ಯ. ಆದರೆ ಈ ಪರೀಕ್ಷೆ ಗೆಲ್ಲುವುದೂ ಸೋಲುವುದೂ ಬಹುಮಟ್ಟಿಗೆ ರೋಗಿಯ ಹಾಸಿಗೆಯ ಬಳಿ, ರಕ್ತ ತೆಗೆಯುವ ಕೆಲವೇ ನಿಮಿಷಗಳಲ್ಲಿ. ಅದು ಹೇಗೆಂದು ನೋಡೋಣ.

ಮೊದಲನೆಯದು, ರಕ್ತದ ಪ್ರಮಾಣ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು. ಇಲ್ಲಿ ಆ ಲೆಕ್ಕ ನಡೆಯದು. ಟೈಫಾಯ್ಡ್ ರೋಗಿಯ ಒಂದು ಮಿಲಿಲೀಟರ್ ರಕ್ತದಲ್ಲಿ ಅನೇಕ ವೇಳೆ ಒಂದು ಜೀವಂತ ರೋಗಾಣುವೂ ಸಿಕ್ಕದು. ಆದ್ದರಿಂದಲೇ ವಯಸ್ಕರಲ್ಲಿ ಪ್ರತಿ ಬಾಟಲಿಗೆ 8ರಿಂದ 10 ಮಿ.ಲೀ. ರಕ್ತ ಬೇಕು. ಸಾಮಾನ್ಯವಾಗಿ ಎರಡು ಬಾಟಲಿಗಳು ಒಂದು ಜೊತೆ: ಒಂದು, ಆಮ್ಲಜನಕ ಬೇಕಾದ ರೋಗಾಣುಗಳಿಗೆ, ಇನ್ನೊಂದು, ಅದಿಲ್ಲದೆ ಬೆಳೆಯುವವಕ್ಕೆ. ಇಂತಹ ಎರಡು ಮೂರು ಜೊತೆಗಳನ್ನು ಬೇರೆ ಬೇರೆ ಜಾಗದಿಂದ ತೆಗೆಯುತ್ತಾರೆ. ‘ಅಯ್ಯೋ, ಇಷ್ಟೊಂದು ರಕ್ತವೇ!’ ಎಂದು ಗಾಬರಿಯಾಗಬೇಡಿ. ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. 40 ಮಿ.ಲೀ. ಅದರ ನೂರರಲ್ಲಿ ಒಂದು ಪಾಲೂ ಅಲ್ಲ. ಮಕ್ಕಳಿಗಾದರೆ ತೂಕ ನೋಡಿ ಕಡಿಮೆ ತೆಗೆಯುತ್ತಾರೆ.

ಎರಡನೆಯದು, ಶುಚಿತ್ವ. ನಮ್ಮೆಲ್ಲರ ಚರ್ಮದ ಮೇಲೆ ಸ್ಟೆಫೈಲೊಕಾಕಸ್ ಎಪಿಡರ್ಮಿಡಿಸ್‌ನಂತಹ ಬ್ಯಾಕ್ಟೀರಿಯಾಗಳು ಸದಾ ವಾಸವಾಗಿರುತ್ತವೆ. ಒಂದು ಹನಿ ಮಜ್ಜಿಗೆ ಬಿದ್ದರೂ ಪಾತ್ರೆಯ ಹಾಲೆಲ್ಲ ಹೆಪ್ಪುಗಟ್ಟುವಂತೆ, ಸೂಜಿಯೊಡನೆ ಒಳಹೊಕ್ಕ ಕೆಲವೇ ಜೀವಿಗಳು ಬಾಟಲಿಯನ್ನೆಲ್ಲ ತುಂಬಿಬಿಡುತ್ತವೆ. ಆಗ ಇಲ್ಲದ ಸೋಂಕು ಇದೆಯೆಂದು ತೋರಿ, ರೋಗಿಗೆ ಬೇಡದ ಪ್ರಬಲ ಔಷಧಿ, ಆಸ್ಪತ್ರೆಯಲ್ಲಿ ಇನ್ನಷ್ಟು ದಿನ, ಇನ್ನಷ್ಟು ಖರ್ಚು! ಇದನ್ನು ತಪ್ಪಿಸಲು ಕೈ ತೊಳೆದು, ಆಲ್ಕೋಹಾಲ್ ಬೆರೆತ ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ಚರ್ಮವನ್ನು ಅರ್ಧ ನಿಮಿಷ ಉಜ್ಜಿ, ಅದು ತಾನಾಗಿ ಒಣಗುವವರೆಗೆ ಕಾಯಬೇಕು. ಬಾಯಿಂದ ಊದಬಾರದು, ರಕ್ತನಾಳ ಎಲ್ಲಿದೆಯೆಂದು ಬೆರಳಿನಿಂದ ಮತ್ತೆ ಮುಟ್ಟಿ ನೋಡಬಾರದು. ಬಾಟಲಿಯ ರಬ್ಬರ್ ಮುಚ್ಚಳವನ್ನೂ ಆಲ್ಕೋಹಾಲ್‌ನಿಂದ ಒರೆಸಬೇಕು.

ಮೂರನೆಯದು, ಸಮಯ. ಆಂಟಿಬಯಾಟಿಕ್‌ನ ಮೊದಲ ಗುಟುಕು ಒಳಸೇರುವ ಮುಂಚೆಯೇ ರಕ್ತ ತೆಗೆಯುವುದು ಲೇಸು. ಉತ್ತರ ಅಮೆರಿಕದ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತೀವ್ರ ನಂಜಿನ ರೋಗಿಗಳಿಂದ ಔಷಧಿಗೆ ಮೊದಲು ರಕ್ತ ತೆಗೆದಾಗ ನೂರಕ್ಕೆ ಸುಮಾರು 31 ಮಂದಿಯಲ್ಲಿ ರೋಗಾಣು ಸಿಕ್ಕಿತು. ಔಷಧಿ ಕೊಟ್ಟ ಕೆಲವೇ ಗಂಟೆಗಳಲ್ಲಿ ಅದೇ ರೋಗಿಗಳ ರಕ್ತ ನೋಡಿದಾಗ ಸುಮಾರು 19 ಮಂದಿಯಲ್ಲಿ ಮಾತ್ರ. ಉಳಿದವರು ಗುಣವಾಗಿದ್ದರೆಂದಲ್ಲ, ಸುಳಿವು ಅಳಿಸಿಹೋಗಿತ್ತು. ಹಾಗೆಂದು ತೀವ್ರ ನಂಜಿನ ರೋಗಿಗೆ ಔಷಧಿಯನ್ನು ತಡಮಾಡಲೂ ಬಾರದು. ರಕ್ತ ತೆಗೆಯುವುದು ಕೆಲವು ನಿಮಿಷಗಳ ಕೆಲಸ. ಅದು ಮುಗಿದೊಡನೆ ಔಷಧಿ.

ಮುಂದಿನದು ಪ್ರಯೋಗಾಲಯದ ಕೆಲಸ. ಬಾಟಲಿಗಳನ್ನು ಫ್ರಿಜ್‌ನಲ್ಲಿ ಇಡದೆ ಬೇಗನೆ ಅಲ್ಲಿಗೆ ತಲುಪಿಸಬೇಕು. ಅಲ್ಲಿ ಅವು ನಮ್ಮ ಮೈಯಷ್ಟೇ ಬಿಸಿಯಿರುವ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಐದು ದಿನಗಳವರೆಗೆ ಇರುತ್ತವೆ. ರೋಗಾಣು ಬೆಳೆಯುತ್ತ ಬಿಡುವ ಇಂಗಾಲದ ಡೈಆಕ್ಸೈಡನ್ನು ಯಂತ್ರ ಗುರುತಿಸುತ್ತದೆ. ಹೆಚ್ಚಿನವು ಎರಡು ದಿನಗಳೊಳಗೇ ಸಿಕ್ಕಿಬೀಳುತ್ತವೆ.

ಈಗ ನಿಮ್ಮ ಪಾತ್ರವೇನು? ಜ್ವರ ಬಂದೊಡನೆ ಅಂಗಡಿಯಿಂದಲೋ, ಮನೆಯ ಡಬ್ಬಿಯಲ್ಲಿ ಉಳಿದದ್ದರಿಂದಲೋ ಎರಡು ಆಂಟಿಬಯಾಟಿಕ್ ಗುಳಿಗೆ ನುಂಗುವ ರೂಢಿ ನಮ್ಮಲ್ಲಿದೆ. ಜ್ವರ ಒಂದಿಷ್ಟು ತಗ್ಗಬಹುದು. ಆದರೆ ಮುಂದೆ ಕಲ್ಚರ್ ಮಾಡಿಸಿದಾಗ ಏನೂ ಬೆಳೆಯದೆ, ವೈದ್ಯರು ಊಹೆಯ ಮೇಲೆ ಚಿಕಿತ್ಸೆ ಮಾಡಬೇಕಾಗುತ್ತದೆ. ಟೈಫಾಯ್ಡ್ ರೋಗಾಣು ಹಲವು ಹಳೆಯ ಔಷಧಿಗಳಿಗೆ ಬಗ್ಗದಂತಾಗಿರುವ ಈ ಕಾಲದಲ್ಲಿ ಊಹೆ ತಪ್ಪಿದರೆ ಅಪಾಯ. ಗುಳಿಗೆಯ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ, ವೈದ್ಯರ ಚೀಟಿ ಇಲ್ಲದೆ ಅದನ್ನು ತೆಗೆದುಕೊಳ್ಳಬಾರದೆಂದು ಅರ್ಥ. ಈಗಾಗಲೇ ಏನಾದರೂ ನುಂಗಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ.

ನಿಮ್ಮಲ್ಲಿ ಕೆಲವರು ನಾಳೆ ದಾದಿಯರಾಗುವಿರಿ, ಪ್ರಯೋಗಾಲಯದ ತಂತ್ರಜ್ಞರಾಗುವಿರಿ, ವೈದ್ಯರಾಗುವಿರಿ. ಚರ್ಮ ಒಣಗಲೆಂದು ನೀವು ಕಾಯುವ ಆ ಅರ್ಧ ನಿಮಿಷ ಒಬ್ಬ ರೋಗಿಯನ್ನು ತಪ್ಪು ಚಿಕಿತ್ಸೆಯಿಂದ ಉಳಿಸಬಹುದು. ಉಳಿದವರು ಇಂದೇ ಮನೆಯಲ್ಲಿ ಹಿರಿಯರಿಗೆ ಒಂದು ಮಾತು ತಿಳಿಸಿ: ಮೊದಲು ರಕ್ತ, ಆಮೇಲೆ ಮಾತ್ರೆ.